ಮಾವನವರಿಗೆ ಉಳಿದಿದ್ದ ಒಂದೇ ಶಬ್ದ

ಮಾವನವರಿಗೆ ಲಕ್ವಾ ಹೊಡೆದ ಸುದ್ದಿ ಬಂದಾಗ ನಾನು ಶಿರಹಟ್ಟಿಯ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿಗೆ ಇಂಗ್ಲಿಷ್ ವ್ಯಾಕರಣ ಹೇಳುತ್ತಿದ್ದೆ. ಫೋನು ಮಾಡಿದ್ದು ನನ್ನ ಗಂಡ. ಪಾಠದ ಹೊತ್ತಿನಲ್ಲಿ ಫೋನು ಮಾಡುವವರಲ್ಲ ಅವರು. ಹೀಗಾಗಿ ಪಾಠ ಅರ್ಧಕ್ಕೇ ನಿಲ್ಲಿಸಿ ಹೊರಗೆ ಬಂದು ಎತ್ತಿದೆ.

"ಅಪ್ಪಾ ಅಂಗಡ್ಯಾಗ ಬಿದ್ದಾನ. ಬಲಗೈ ಎತ್ತಾಕ ಬರವಲ್ತು, ಬಾಯಿ ಸೊಟ್ಟ ಆಗೇತಿ. ದವಾಖಾನಿಗೆ ತಂದೀವಿ. ನೀ ಮನಿಗೆ ಹೋಗಬ್ಯಾಡ, ಸೀದಾ ಇಲ್ಲಿಗೇ ಬಾ."

ಗದಗಿನ ಬಸ್ಸು ಹತ್ತಿ ಕೂತ ಮೇಲೆ ನನಗೆ ಹೊಳೆದದ್ದು ಒಂದು ವಿಚಿತ್ರ ಸಂಗತಿ. ಈ ಮನುಷ್ಯನ ಮನೆಯಲ್ಲಿ ನಾನು ಇಷ್ಟು ವರ್ಷ ಸೊಸೆಯಾಗಿ ಇದ್ದೇನೆ, ನನ್ನ ಮಗಳು ಅವರ ತೊಡೆಯ ಮೇಲೆ ಬೆಳೆದಿದ್ದಾಳೆ, ಆದರೆ ನಾನೂ ಅವರೂ ಎದುರುಬದುರು ನಿಂತು ಮಾತಾಡಿದ್ದು ನೆನಪಿಗೇ ಬರುತ್ತಿಲ್ಲ. ಜಗಳವೇನೂ ಇರಲಿಲ್ಲ. ನಮ್ಮ ಮನೆಯ ರೀತಿಯೇ ಹಾಗಿತ್ತು. ನನಗೆ ಹೇಳುವುದೆಲ್ಲವನ್ನೂ ಅವರು ಅತ್ತೆಯ ಕಡೆ ತಿರುಗಿ ಹೇಳುತ್ತಿದ್ದರು. "ಆಕಿಗೆ ಹೇಳು, ಇವತ್ತ ಬಸ್ಸು ತಡ ಆಗ್ತಾವಂತ." ನಾನು ಅಲ್ಲೇ ಒಲೆಯ ಮುಂದೆ ಇರುತ್ತಿದ್ದೆ. ಅತ್ತೆಯೂ ತಪ್ಪದೆ ನನ್ನ ಕಡೆ ತಿರುಗಿ, "ಬಸ್ಸು ತಡ ಆಗ್ತಾವಂತ ನೋಡವಾ" ಎನ್ನುತ್ತಿದ್ದರು. "ಆತ್ರಿ ಅಂತ ಹೇಳ್ರಿ" ಎಂದು ನಾನು ಅತ್ತೆಗೆ ಹೇಳುತ್ತಿದ್ದೆ. ಮೂವರೂ ಇರುವುದು ಒಂದೇ ಕೋಣೆಯಲ್ಲಿ!

ಗದಗಿಗೆ ಅಂಟಿಕೊಂಡೇ ಇರುವ ಬೆಟಗೇರಿಯಲ್ಲಿ ಮಾವನವರದ್ದು ಎಂಜಿನ್ ರಿಪೇರಿಯ ಅಂಗಡಿ. ಬಾವಿಯಿಂದ ನೀರೆತ್ತುವ ಎಂಜಿನ್ನು, ಹಿಟ್ಟಿನ ಗಿರಣಿಯ ಎಂಜಿನ್ನು, ಟಿಲ್ಲರು, ಒಕ್ಕುವ ಮಷೀನು, ಡೀಸಲ್ ಕುಡಿಯುವ ಯಾವುದೇ ಇರಲಿ, ಅದು ಅವರ ಅಂಗಡಿಗೆ ಬರುತ್ತಿತ್ತು. ಸುತ್ತ ಮಗ್ಗದ ಮನೆಗಳು. ಅವುಗಳ ಟಕಟಕದ ನಡುವೆ ಇವರ ಎಂಜಿನ್ನಿನ ಸದ್ದು ಬೇರೆಯಾಗಿ ಕೇಳುತ್ತಿತ್ತು. ಸಂಜೆ ಅವರು ಮನೆಯೊಳಗೆ ಕಾಲಿಡುವ ಮೊದಲೇ ಅವರ ಅಂಗಿಯ ವಾಸನೆ ಬರುತ್ತಿತ್ತು. ಎಷ್ಟು ಸೋಡಾ ಹಾಕಿ ಒಗೆದರೂ ಹೋಗದ ಆ ವಾಸನೆಯ ಮೇಲೆ ಅತ್ತೆಗೆ ಜೀವನಪೂರ್ತಿ ಸಿಟ್ಟಿತ್ತು. ನನ್ನ ಗಂಡನೂ ಅದೇ ಅಂಗಡಿಯಲ್ಲಿ ಕೆಲಸ ಕಲಿತು ಅಲ್ಲೇ ನಿಂತವರು.

ದವಾಖಾನೆಯಲ್ಲಿ ಮಾವನವರ ಜೀವಕ್ಕೆ ಅಪಾಯವಿಲ್ಲ ಎಂದು ಗೊತ್ತಾಗುವವರೆಗೆ ನಾವು ಯಾರೂ ಸರಿಯಾಗಿ ಉಂಡಿರಲಿಲ್ಲ. ಬಲಗೈ, ಬಲಗಾಲು ಸೋತಿದ್ದವು. ಮಾತು ಪೂರ್ತಿ ನಿಂತಿತ್ತು. ಕಣ್ಣು ಮಾತ್ರ ನಮ್ಮನ್ನು ಒಬ್ಬೊಬ್ಬರನ್ನಾಗಿ ಗುರುತಿಸುತ್ತಿದ್ದವು. ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ ಅವರ ತುಟಿ ಅಲುಗಾಡಿದವು. ಅತ್ತೆ ಬಗ್ಗಿ ಕಿವಿಗೊಟ್ಟರು.

"ಡೀಸಲ್" ಎಂದರು ಮಾವನವರು. ಉಚ್ಚಾರ ಸ್ಪಷ್ಟವಾಗಿತ್ತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಸಾಯಾಕ ಹೋಗಿ ಬಂದ್ರೂ ಅಂಗಡೀದ ಚಿಂತಿ ನೋಡು!" ನನ್ನ ಗಂಡನೂ ಖುಷಿಯಿಂದ ಅಪ್ಪನ ಕೈ ಹಿಡಿದು, "ಡೀಸಲ್ ಐತಪ್ಪಾ, ಕ್ಯಾನ್ ತುಂಬಿ ಇಟ್ಟೀನಿ, ನೀ ಆರಾಮ್ ಇರು" ಎಂದರು.

ಮಾವನವರು ತಲೆ ಅಲ್ಲಾಡಿಸಿದರು. "ಡೀಸಲ್!"

"ಐತಿ ಅಂದ್ನೆಲ್ಲಪ್ಪಾ."

"ಡೀಸಲ್! ಡೀಸಲ್!" ಅವರ ಮುಖ ಕೆಂಪಾಯಿತು. ಎಡಗೈಯಿಂದ ಹಾಸಿಗೆ ಬಡಿದರು. ನಮಗೆ ಯಾರಿಗೂ ಏನೂ ತಿಳಿಯಲಿಲ್ಲ. ಕೊನೆಗೆ ಅವರು ಎಡಗೈ ಚಾಚಿ ಕಿಟಕಿಯ ಕಟ್ಟೆಯ ಮೇಲಿದ್ದ ನೀರಿನ ಬಾಟಲಿ ತೋರಿಸಿದರು. ಅವರಿಗೆ ಬೇಕಾಗಿದ್ದದ್ದು ನೀರು.

ಡಾಕ್ಟರು ನಮ್ಮನ್ನು ಹೊರಗೆ ಕರೆದು ಸಮಾಧಾನವಾಗಿ ತಿಳಿಸಿದರು. ಮಿದುಳಿನಲ್ಲಿ ಮಾತು ಹುಟ್ಟುವ ಜಾಗಕ್ಕೆ ಪೆಟ್ಟಾಗಿದೆ. ಬುದ್ಧಿ ಕೆಟ್ಟಿಲ್ಲ. ನೀವು ಹೇಳುವುದು ಅವರಿಗೆ ಬಹಳಷ್ಟು ತಿಳಿಯುತ್ತದೆ, ತಾವು ಹೇಳಬೇಕಾದದ್ದೂ ಗೊತ್ತಿದೆ, ಬಾಯಿಗೆ ಮಾತ್ರ ಒಂದೇ ಶಬ್ದ ಬರುತ್ತದೆ. ಕೆಲವರಿಗೆ ದೇವರ ಹೆಸರು ಉಳಿಯುತ್ತದೆ, ಕೆಲವರಿಗೆ ಬೈಗುಳ ಉಳಿಯುತ್ತದೆ. "ಮಾತು ತಿರುಗಿ ಬರಬಹುದು, ಎಷ್ಟು ಬರ್ತದ ಅಂತ ಈಗ ಹೇಳಾಕ ಆಗೂದಿಲ್ಲ. ನೀವು ಮಾತಾಡಿಸೂದು ಬಿಡಬ್ಯಾಡ್ರಿ" ಎಂದರು.

ಅತ್ತೆ ಎಲ್ಲವನ್ನೂ ಕೇಳಿ ಒಂದೇ ಮಾತು ಹೇಳಿದರು. "ಬೈಗುಳ ಉಳೀಲಿಲ್ಲಲ್ಲ, ಪುಣ್ಯಾ."

ಮನೆಗೆ ಕರೆತಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಚಹಾ ಬೇಕಾದರೆ ಡೀಸಲ್, ಬೇಡವಾದರೆ ಡೀಸಲ್. ಫ್ಯಾನು ಹಾಕು ಅಂದರೂ ಅದೇ, ಆರಿಸು ಅಂದರೂ ಅದೇ. ನೋಡಲು ಬಂದ ಬಂಧುಗಳು ಮೊದಲು ಮರುಗುತ್ತಿದ್ದರು, ಆಮೇಲೆ ಆ ಶಬ್ದ ನಾಲ್ಕಾರು ಸಲ ಕಿವಿಗೆ ಬಿದ್ದ ಕೂಡಲೇ ತುಟಿ ಕಚ್ಚಿ ನಗು ತಡೆಯುತ್ತಿದ್ದರು. ಅದು ಮಾವನವರಿಗೆ ತಿಳಿಯುತ್ತಿತ್ತು. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ನನ್ನ ಗಂಡ ಅಪ್ಪನ ಎದುರು ಕೂಡುವುದನ್ನೇ ಕಡಿಮೆ ಮಾಡಿದರು. "ಅವನ ಕಣ್ಣಾಗ ನೋಡಾಕ ಆಗವಲ್ತು ನನಗ. ಅಂವಾ ಏನೋ ಕೇಳ್ತಾನ, ನಾ ತಪ್ಪು ತಂದು ಕೊಡ್ತೇನಿ, ಅಂವಾ ಅಳ್ತಾನ" ಎಂದು ಒಮ್ಮೆ ಅಡುಗೆಮನೆಯಲ್ಲಿ ನನ್ನ ಮುಂದೆ ಅವರೇ ಅತ್ತುಬಿಟ್ಟರು.

ಅತ್ತೆ ಮಾತ್ರ ಹೆದರಲಿಲ್ಲ. ಅವರು ಶಬ್ದವನ್ನು ಬಿಟ್ಟು ದನಿಯನ್ನು ಕೇಳತೊಡಗಿದರು. ಎಳೆದು ಹೇಳಿದರೆ ಹಸಿವು ಎಂದು ಅವರೇ ಕಂಡುಹಿಡಿದರು. ಮೊಟಕಾಗಿ ಕಡಿದು ಹೇಳಿದರೆ ಮೈಮೇಲಿನ ಚಾದರ ತೆಗೆಯಬೇಕು. ನನ್ನ ಮಗಳು ಶಾಲೆಯಿಂದ ಬಂದಾಗ ಕೊನೆಯಲ್ಲಿ ಮೇಲೆ ಎತ್ತಿ ಹೇಳುತ್ತಿದ್ದರಲ್ಲ, ಅದು "ಏನ್ ಕಲಿತಿ ಇವತ್ತ?" ಎನ್ನುವುದು. ಮಗಳು ತಪ್ಪದೆ ಉತ್ತರ ಕೊಡುತ್ತಿದ್ದಳು. ನನಗೂ ಸಾವಕಾಶವಾಗಿ ಸ್ವಲ್ಪ ಸ್ವಲ್ಪ ತಿಳಿಯತೊಡಗಿತು. ಆದರೂ ನಾನು ನೇರ ಮಾತಾಡುತ್ತಿರಲಿಲ್ಲ. ಹಳೆಯ ರೂಢಿ ಹೋಗಿರಲಿಲ್ಲ. ಅವರು "ಡೀಸಲ್" ಎಂದು ಅತ್ತೆಗೆ ಹೇಳುತ್ತಿದ್ದರು, ಅತ್ತೆ ಅದನ್ನು ಕನ್ನಡಕ್ಕೆ ತಿರುಗಿಸಿ ನನಗೆ ಹೇಳುತ್ತಿದ್ದರು.

ಒಂದು ದಿನ ಶಾಲೆಯಲ್ಲಿ ಖಾಲಿ ತಾಸಿತ್ತು. ಸ್ಟಾಫ್ ರೂಮಿನ ದಪ್ಪ ಇಂಗ್ಲಿಷ್ ನಿಘಂಟು ಎದುರಿಗೆ ಬಿದ್ದಿತ್ತು. ಯಾಕೆ ಅನ್ನಿಸಿತೋ, ಆ ಶಬ್ದವನ್ನು ಹುಡುಕಿದೆ. ಇಂಗ್ಲಿಷ್ ಕಲಿಸುವವಳು ನಾನು, ಆದರೆ ದಿನಾ ಕಿವಿಗೆ ಬೀಳುವ ಈ ಶಬ್ದ ಎಲ್ಲಿಂದ ಬಂತು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಪೆಟ್ರೋಲು, ಸೀಮೆಎಣ್ಣೆಗಳ ಹಾಗೆ ಇದೂ ಯಾವುದೋ ಎಣ್ಣೆಯ ಹೆಸರು ಅಂದುಕೊಂಡಿದ್ದೆ. ಅಲ್ಲ. ಅದು ಒಬ್ಬ ಮನುಷ್ಯನ ಅಡ್ಡಹೆಸರು, ಅಂದರೆ ಮನೆತನದ ಹೆಸರು. ಜರ್ಮನಿಯ ಒಬ್ಬ ಎಂಜಿನಿಯರ್ ಕಿಡಿ ಇಲ್ಲದೆ, ಬರೀ ಗಾಳಿಯನ್ನು ಒತ್ತಿ ಕಾಯಿಸಿ ಎಣ್ಣೆ ಉರಿಸುವ ಎಂಜಿನ್ನು ಮಾಡಿದ. ಜನ ಎಂಜಿನ್ನಿಗೆ ಅವನ ಹೆಸರಿಟ್ಟರು. ಆಮೇಲೆ ಎಂಜಿನ್ನಿಗೆ ಹಾಕುವ ಎಣ್ಣೆಗೂ ಅದೇ ಹೆಸರಾಯಿತು. ಆಮೇಲೆ ಅದರಿಂದ ಓಡುವ ಗಾಡಿಗೂ ಅದೇ.

ವ್ಯಕ್ತಿಯ ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕು ಎಂದು ನಾನು ಪ್ರತಿ ವರ್ಷ ಮಕ್ಕಳಿಗೆ ಕಲಿಸುತ್ತೇನೆ. ಈ ಹೆಸರು ಬಳಸಿ ಬಳಸಿ ಸಣ್ಣಕ್ಷರಕ್ಕೆ ಇಳಿದು ಅಂಕಿತನಾಮದಿಂದ ರೂಢನಾಮವಾಗಿತ್ತು. ನಿಘಂಟು ಅಷ್ಟಕ್ಕೇ ನಿಲ್ಲಲಿಲ್ಲ. ಇಂಗ್ಲಿಷಿನಲ್ಲಿ ಅದು ಕ್ರಿಯಾಪದವೂ ಹೌದಂತೆ. ಕೀಲಿ ತಿರುಗಿಸಿ ಬಂದ್ ಮಾಡಿದ ಮೇಲೂ ಪೆಟ್ರೋಲ್ ಎಂಜಿನ್ನು ತನ್ನಷ್ಟಕ್ಕೆ ಗುಡುಗುಡು ಓಡುತ್ತಲೇ ಇದ್ದರೆ ಅದು "ಡೀಸಲ್" ಮಾಡುತ್ತಿದೆ ಅನ್ನುತ್ತಾರೆ. ಅಮೆರಿಕದ ಆಡುಮಾತಿನಲ್ಲಿ ಮೈಕಟ್ಟು ಗಟ್ಟಿಯಾಗಿರುವ ಗಂಡಸನ್ನೂ ಆ ಶಬ್ದದಿಂದಲೇ ಹೊಗಳುವುದುಂಟು. ಫೋನಿನಲ್ಲಿ ಆ ಎಂಜಿನಿಯರನ ಕಥೆಯನ್ನೂ ಹುಡುಕಿ ಓದುತ್ತ ಓದುತ್ತ ನನಗೆ ಮಾವನವರಿಗೆ ಇದನ್ನು ಹೇಳಲೇಬೇಕು ಅನ್ನಿಸಿತು. ಅತ್ತೆಯ ಮೂಲಕ ಹೇಳಿಸುವ ಸಂಗತಿಯಲ್ಲ ಇದು.

ಸಂಜೆ ಮನೆಗೆ ಬಂದವಳು ಕೈಕಾಲು ತೊಳೆದು ನೇರವಾಗಿ ಪಡಸಾಲೆಗೆ ಹೋಗಿ ಅವರ ಮಂಚದ ಎದುರು ಕುರ್ಚಿ ಎಳೆದುಕೊಂಡು ಕೂತೆ. ಅತ್ತೆ ಬಾಗಿಲಲ್ಲೇ ನಿಂತುಬಿಟ್ಟರು.

"ಮಾವಾರ, ನಿಮಗ ಒಂದ್ ಮಾತ್ ಹೇಳಬೇಕ್ರಿ. ಡೀಸಲ್ ಅನ್ನೂದು ಎಣ್ಣಿ ಹೆಸರಲ್ಲಂತ್ರಿ. ಅದು ಒಬ್ಬ ಎಂಜಿನಿಯರನ ಅಡ್ಡಹೆಸರಂತ."

ಮಾವನವರು ನನ್ನನ್ನೇ ನೋಡಿದರು. ನಾನು ನೇರ ಮಾತಾಡಿದ್ದಕ್ಕೋ, ಮಾತಿಗೋ, ಅವರ ಹುಬ್ಬು ಮೇಲೇರಿದವು.

"ಖರೇನ ಹೇಳಾಕತ್ತೀನ್ರಿ. ನಮ್ಮ ಕಡಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಅಕ್ಕಿ, ಬೆಲ್ಲ, ಸಕ್ಕರಿ ಎಲ್ಲಾ ಮಂದಿ ಅಡ್ಡಹೆಸರು ಆಗ್ಯಾವಲ್ರಿ? ಸಂತ್ಯಾಗಿನ ಸಾಮಾನು ಮನಶ್ಯಾನ ಹೆಸರಿಗೆ ಬಂದ್ ಕುಂತಾವ. ಅಲ್ಲಿ ಉಲ್ಟಾ. ಮನಶ್ಯಾನ ಹೆಸರು ಹೋಗಿ ಎಣ್ಣಿ ಬ್ಯಾರಲ್ಲಿನ್ಯಾಗ ಕುಂತೈತಿ."

ಅವರ ಹೊಟ್ಟೆ ಮೊದಲು ಅಲುಗಾಡಿತು. ಆಮೇಲೆ ಸೊಟ್ಟಗಾಗಿದ್ದ ಬಾಯಿಯ ಒಂದು ಬದಿ ಅರಳಿತು. ಲಕ್ವಾ ಹೊಡೆದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ಅತ್ತೆ ಬಾಗಿಲು ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತರು. "ಮುಂದ ಏನಾತು ಹೇಳವಾ. ಅಂವಾ ಇದ್ದಾನೇನು ಈಗ?"

"ಇಲ್ರಿ ಅತ್ತಿ, ಭಾಳ ಹಿಂದಿನಾಂವ. ಹಡಗಿನ್ಯಾಗ ಹೊಂಟಾಗ ರಾತ್ರಿ ಕಾಣದಂಗ ಆದ್ನಂತ. ಸಮುದ್ರದಾಗ ಬಿದ್ದ ಹ್ವಾದ, ಹೆಂಗ ಬಿದ್ದಾ ಅಂತ ಇನ್ನೂ ಯಾರಿಗೂ ಪಕ್ಕಾ ಗೊತ್ತಿಲ್ಲ."

"ಅಯ್ಯ, ಪಾಪ! ಹೆಂಡ್ರು ಮಕ್ಕಳು?" ಎಂದರು ಅತ್ತೆ. ನಿನ್ನೆ ಮೊನ್ನೆ ಪಕ್ಕದ ಓಣಿಯಲ್ಲಿ ಆದದ್ದೇನೋ ಅನ್ನುವಂತೆ ಮರುಗಿದರು.

"ಇನ್ನೊಂದು ಕೇಳ್ರಿ ಮಾವಾರ. ಅವನ ಎಂಜಿನ್ನ ಒಮ್ಮಿ ದೊಡ್ಡ ಪ್ರದರ್ಶನದಾಗ ಇಟ್ಟಿದ್ರಂತ. ಅಲ್ಲಿ ಅದನ್ನ ಶೇಂಗಾ ಎಣ್ಣಿ ಹಾಕಿ ಓಡಿಸಿದ್ರಂತ."

ಶೇಂಗಾ ಎಣ್ಣೆ ಅಂದದ್ದೇ ತಡ, ಮಾವನವರು ಎಡಗೈ ಊರಿ ಎದ್ದು ಕೂತರು. "ಡೀಸಲ್!" ಎಂದರು. ಕೈಯಿಂದ ಬಾಟಲಿಯನ್ನು ಬಗ್ಗಿಸುವಂತೆ ಮಾಡಿದರು. ಬಾಯಿಂದ ಎಂಜಿನ್ನಿನ ಸದ್ದು ಮಾಡಿದರು, ಟುಕು ಟುಕು ಟುಕು. ಆ ಸದ್ದು ಬಾಯಿಗೆ ಸಲೀಸಾಗಿ ಬರುತ್ತಿತ್ತು! ಆಮೇಲೆ ಮೂಗು ಅರಳಿಸಿ ಗಾಳಿ ಎಳೆದುಕೊಂಡು ಅತ್ತೆಯ ಕಡೆ ಬೊಟ್ಟು ಮಾಡಿದರು. ಅತ್ತೆ ಸೆರಗು ಬಾಯಿಗೆ ಹಿಡಿದು ನಗತೊಡಗಿದರು. "ಹೌದವಾ, ಮದಿವಿ ಆದ ಹೊಸತಾಗ ಒಮ್ಮಿ ನನ್ನ ಅಡಗಿ ಮನ್ಯಾಗಿನ ಎಣ್ಣಿ ಒಯ್ದು ಎಂಜಿನ್ನಿಗೆ ಹಾಕಿ ನೋಡಿದ್ರು ಇವರು. ಓಣಿ ತುಂಬ ಭಜಿ ಕರದಂಗ ವಾಸನಿ. ನಾ ಎರಡು ದಿನ ಮಾತ ಬಿಟ್ಟಿದ್ದೆ." ಮಾವನವರು ಹೌದು ಹೌದು ಎಂದು ತಲೆದೂಗಿದರು. ಒಂದೇ ಶಬ್ದದಿಂದ ಅವರು ಪೂರ್ತಿ ಕಥೆ ಹೇಳಿ ಮುಗಿಸಿದ್ದರು. ನಮಗೆ ಅದು ಪೂರ್ತಿ ತಿಳಿದಿತ್ತು.

ಅವತ್ತಿನಿಂದ ಸಂಜೆಯ ಆ ಕುರ್ಚಿ ನನ್ನದಾಯಿತು. ಮಾತು ಕಲಿಸುವ ತರಬೇತಿಯ ಹುಡುಗಿಯೊಬ್ಬಳು ದವಾಖಾನೆಗೆ ಬರುತ್ತಿದ್ದಳು. ಅವಳು ತೋರಿಸಿಕೊಟ್ಟದ್ದನ್ನು ನಾನು ಮನೆಯಲ್ಲಿ ಮಾಡಿಸುತ್ತಿದ್ದೆ. ವಾರಗಳ ಹೆಸರು ಸಾಲಾಗಿ ಹೇಳುವುದು, ಅರ್ಧ ಮಾತು ಹೇಳಿ ಉಳಿದರ್ಧಕ್ಕೆ ಕಾಯುವುದು, ಹಾಡಿನ ಧಾಟಿಯಲ್ಲಿ ಮಾತಾಡುವುದು. "ಬಿಸಿ ಬಿಸಿ..." ಎಂದು ನಾನು ನಿಲ್ಲಿಸಿದರೆ ಅವರು ಬಹಳ ಹೊತ್ತು ತುಟಿ ಹೊಂದಿಸಿ, ಹಣೆ ಗಂಟಿಕ್ಕಿ, ಕೊನೆಗೆ "ಡೀಸಲ್" ಎನ್ನುತ್ತಿದ್ದರು. ಅವರಿಗೇ ತಪ್ಪು ಗೊತ್ತಾಗಿ ಕೈ ಬೀಸಿಬಿಡುತ್ತಿದ್ದರು. ನಾಳೆ ನೋಡೋಣ್ರಿ ಎಂದು ನಾನು ಏಳುತ್ತಿದ್ದೆ. ಕಾಲಿಗೆ ಮಾತ್ರ ಬೇಗ ಶಕ್ತಿ ಬಂತು. ಕೋಲು ಹಿಡಿದು ಅಂಗಳದವರೆಗೆ, ಆಮೇಲೆ ಓಣಿಯ ತುದಿಯವರೆಗೆ ನಡೆಯತೊಡಗಿದರು. ಮಾತು ಇಷ್ಟಕ್ಕೇ ನಿಂತರೂ ಆದೀತು, ಮನುಷ್ಯ ಉಳಿದನಲ್ಲ ಎಂದು ನಾವು ಒಳಗೊಳಗೇ ಒಪ್ಪಿಕೊಳ್ಳತೊಡಗಿದ್ದೆವು.

ಹೀಗಿರುವಾಗ ಒಂದು ಮುಂಜಾನೆ ನಾನು ಅವಸರದಲ್ಲಿ ಕಣ್ಣಿನ ಚಾಳೀಸು ಮನೆಯಲ್ಲೇ ಬಿಟ್ಟು ಬಸ್ಸು ಹಿಡಿದೆ. ಅದು ಗೊತ್ತಾದದ್ದು ಬಸ್ಸು ಊರು ದಾಟಿದ ಮೇಲೆ. ಚಾಳೀಸಿಲ್ಲದೆ ನನಗೆ ಹತ್ತಿರದ ಅಕ್ಷರವೂ ಇಲ್ಲ, ದೂರದ ಮುಖವೂ ಇಲ್ಲ. ಹೇಗೋ ಬಾಯಿಪಾಠದಿಂದಲೇ ಮೊದಲ ತಾಸು ಮುಗಿಸಿ ಹೊರಗೆ ಬರುವಷ್ಟರಲ್ಲಿ ಗಂಡನ ಫೋನು ಬಂತು.

"ಅಪ್ಪಾ ಮನ್ಯಾಗಿಲ್ಲ."

"ಓಣ್ಯಾಗ ಇರಬೇಕು ನೋಡ್ರಿ."

"ಓಣಿ, ಅಂಗಡಿ, ಗುಡಿ ಎಲ್ಲಾ ನೋಡಿ ಬಂದ್ವಿ. ಅವ್ವಾ ಜಳಕಕ್ಕ ಹೋಗಿದ್ಲು, ಬಂದು ನೋಡಿದ್ರ ಇಲ್ಲ. ಕೋಲಿಲ್ಲ, ಕೆರವಿಲ್ಲ. ಯಾರರ ಹೆಸರು ಕೇಳಿದ್ರ ಏನ್ ಹೇಳ್ತಾನ ಅಂವಾ? ಊರು ಕೇಳಿದ್ರ ಏನ್ ಹೇಳ್ತಾನ?" ಹಿಂದಿನಿಂದ ಅತ್ತೆ ಅಳುವುದು ಕೇಳುತ್ತಿತ್ತು.

ಹೆಡ್‌ಮಾಸ್ತರರಿಗೆ ಹೇಳಿ ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಶಾಲೆಯ ಮುಂದಿನ ರಸ್ತೆಗೆ ಬಂದು ನಿಂತೆ. ಗದಗಿನ ಬಸ್ಸು ಬರುವ ದಿಕ್ಕಿಗೆ ನೋಡಿದರೆ ಎಲ್ಲವೂ ಬಿಸಿಲಲ್ಲಿ ಕರಗಿದ ಹಾಗೆ ಮಸುಕು. ಗಾಡಿಗಳ ಬಣ್ಣ ಮಾತ್ರ ಕಾಣುತ್ತಿತ್ತು. ಮನಸ್ಸು ಎಲ್ಲೆಲ್ಲೋ ಓಡಿತು. ರೈಲು ಗೇಟು, ಕೆರೆ, ಲಾರಿಗಳು ಓಡಾಡುವ ದೊಡ್ಡ ರಸ್ತೆ. ಯಾವನಾದರೂ ಪೋಲೀಸಿನವನು ಕೇಳಿದರೆ, ಕುಡಿದಿದ್ದಾನೆ ಅಂದುಕೊಂಡು ತಳ್ಳಿದರೆ? ಬಲಗಡೆ ಬಿದ್ದರೆ ಅವರಿಗೆ ಏಳಲು ಬರುವುದಿಲ್ಲ.

ಆಗ ಗದಗಿನ ಕಡೆಯಿಂದ ಒಂದು ಬೈಕು ಬಂದು ನನ್ನಿಂದ ಸ್ವಲ್ಪ ದೂರಕ್ಕೆ ನಿಂತಿತು. ಇಬ್ಬರು ಇದ್ದರು. ಬಿಳಿ ಬಟ್ಟೆ ಎಂಬುದಷ್ಟೇ ಕಂಡಿತು. ಹಿಂದೆ ಕೂತಿದ್ದವರು ಇಳಿಯಲು ಪರದಾಡುತ್ತಿದ್ದರು. ನಾನು ಅವರನ್ನು ದಾಟಿ ಮುಂದಿನ ರಸ್ತೆಗೇ ಕಣ್ಣಿಟ್ಟಿದ್ದೆ.

"ಡೀಸಲ್!"

ಮುಖ ಕಾಣುವ ಮೊದಲೇ ನನಗೆ ಗುರುತು ಸಿಕ್ಕಿತ್ತು. ಓಡಿಹೋದೆ. ಮಾವನವರು ಕೋಲನ್ನು ಕಂಕುಳಲ್ಲಿ ಒತ್ತಿ ಹಿಡಿದು, ಎಡಗೈಯಿಂದ ಅಂಗಿಯ ಕಿಸೆಯೊಳಗೆ ಕಷ್ಟಪಟ್ಟು ಏನನ್ನೋ ಹುಡುಕಿ ತೆಗೆದು ನನ್ನ ಮುಂದೆ ಹಿಡಿದರು. ನನ್ನ ಚಾಳೀಸಿನ ಡಬ್ಬಿ.

ಚಾಳೀಸು ಹಾಕಿಕೊಂಡೆ. ಮುಖ ಸ್ಪಷ್ಟವಾಗಿ ಕಂಡಿತು. ಧೂಳು ಮೆತ್ತಿತ್ತು, ಬೆವರು ಇಳಿಯುತ್ತಿತ್ತು, ಆದರೆ ಆ ಮುಖದಲ್ಲಿ ದಾರಿ ತಪ್ಪಿದವನ ಗಾಬರಿ ಒಂದಿಷ್ಟೂ ಇರಲಿಲ್ಲ. ನಾನು ಅಲ್ಲೇ ಶಾಲೆಯ ಕಾಂಪೌಂಡಿನ ಕಲ್ಲಿನ ಮೇಲೆ ಕೂತುಬಿಟ್ಟೆ.

ಬೈಕಿನವರು ಅಂತೂರ ಬೆಂತೂರಿನ ರೈತರು, ಮಾವನವರ ಹಳೇ ಗಿರಾಕಿ. ನಡೆದದ್ದನ್ನು ಅವರೇ ಹೇಳಿದರು. "ಬಂಕಿಗೆ ಎಣ್ಣಿ ಹಾಕಿಸಾಕ ಹೋಗಿದ್ದೆ ಬಾಯಾರ. ಇವರು ಅಲ್ಲಿ ನಿಂತು ಒದರ್ಯಾಡಾಕತ್ತಿದ್ರು. ಏನಾತಂದ್ರ, ಬಸ್ಸಿನ್ಯಾಗ ಕಂಡಕ್ಟರ್ ಎಲ್ಲಿಗಂತ ಕೇಳ್ಯಾನ, ಇವರು ಡೀಸಲ್ ಅಂದಾರ. ಅಂವಾ ಬಂಕಿನ ಸ್ಟಾಪು ಬಂದ ಕೂಡ್ಲೆ, ಇಳೀರಿ ಯಜಮಾನ್ರ, ನಿಮ್ಮ ಡೀಸಲ್ ಬಂತು ಅಂತ ಇಳಿಸಿ ಹೋಗ್ಯಾನ. ಪಾಪ, ಅವಂದೂ ತಪ್ಪಿಲ್ಲ. ಬಂಕಿನವ್ರು ಏನ್ ಬೇಕಂತ ಕೇಳ್ಯಾರ, ಮತ್ತ ಡೀಸಲ್ ಅಂದಾರ. ಕ್ಯಾನಿನ್ಯಾಗ ಹಾಕಿ ಕೊಟ್ರ ಇವರು ಸಿಟ್ಟಿಲೆ ದೂಡ್ತಾರ! ಅವರು ಹಾಕೂದು, ಇವರು ದೂಡೂದು."

"ನಮ್ಮ ಶಾಲಿಗಂತ ನಿಮಗ ಹೆಂಗ್ ಗೊತ್ತಾತ್ರಿ?"

"ಡಬ್ಬಿ ತೆಗದು ತೋರಿಸಿದ್ರಲ್ರಿ. ಹೆಣ್ಮಕ್ಕಳ ಚಾಳೀಸು. ನಿಮ್ಮ ಸೊಸಿದ ಏನು ಅಂದೆ, ಜೋರಾಗಿ ಗೋಣ ಹಾಕಿದ್ರು. ಸೊಸಿ ಶಿರಹಟ್ಟ್ಯಾಗ ಟೀಚರ್ ಅಂತ ಅಂಗಡ್ಯಾಗ ಕುಂತಾಗೆಲ್ಲಾ ಹೇಳ್ತಿದ್ರಲ್ಲ, ಯಾರಿಗಿ ಗೊತ್ತಿಲ್ಲ ಅದು?"

ಅಂಗಡಿಯಲ್ಲಿ ಅವರು ನನ್ನ ಬಗ್ಗೆ ಹೇಳುತ್ತಿದ್ದರು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಗಂಡನಿಗೆ ಫೋನು ಮಾಡಿದೆ. "ಇಲ್ಲೇ ಅದಾರ. ಆರಾಮ್ ಅದಾರ. ನನ್ನ ಚಾಳೀಸು ಕೊಡಾಕ ಬಂದಾರ." ಆ ಕಡೆ ಗಂಡ "ಅವ್ವಾ, ಸಿಕ್ಕ, ಸಿಕ್ಕ!" ಎಂದು ಕೂಗಿದ್ದು, ಅತ್ತೆ "ಎಲ್ಲಿ, ಎಲ್ಲಿ" ಎಂದು ಕೇಳಿದ್ದು, ಅಕ್ಕಪಕ್ಕದ ಮಗ್ಗದ ಮನೆಯವರೆಲ್ಲ ಸೇರಿ ಮಾತಾಡಿದ್ದು ಒಟ್ಟಿಗೇ ಕೇಳಿತು. ಅತ್ತೆ ಫೋನು ಕಸಿದುಕೊಂಡು, "ಅವರ ಕೈಯಾಗ ಕೊಡು" ಎಂದರು. ಕೊಟ್ಟೆ. ಅತ್ತೆ ಎಷ್ಟು ಬೈದರೋ, ಮಾವನವರು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು, ನನ್ನ ಕಡೆ ನೋಡುತ್ತ, ಮೆತ್ತಗೆ "ಡೀಸಲ್... ಡೀಸಲ್..." ಎನ್ನುತ್ತಿದ್ದರು. ತಪ್ಪಾತು, ಇನ್ನ ಹೇಳದೆ ಹೋಗೂದಿಲ್ಲ ಎಂಬ ಅರ್ಥ ಅದರಲ್ಲಿ ಸರಿಯಾಗಿ ಕೇಳುತ್ತಿತ್ತು.

ಅವರಿಗೆ ಸ್ಟಾಫ್ ರೂಮಿನಲ್ಲಿ ಚಹಾ ಕೊಡಿಸಿ, ಆ ರೈತರಿಗೆ ಕೈಮುಗಿದು ಕಳಿಸಿ, ಮಧ್ಯಾಹ್ನದ ಬಸ್ಸಿಗೆ ಅವರನ್ನು ಕರೆದುಕೊಂಡು ಮನೆಗೆ ಬಂದೆ. ನನ್ನ ಗಂಡ ಬಸ್ ನಿಲ್ದಾಣಕ್ಕೇ ಬಂದಿದ್ದರು. ಅಪ್ಪನನ್ನು ಇಳಿಸಿಕೊಳ್ಳುವಾಗ ಗಟ್ಟಿಯಾಗಿ ಹಿಡಿದವರು ಬಹಳ ಹೊತ್ತು ಬಿಡಲಿಲ್ಲ. ಆಟೋದಲ್ಲಿ ಕೂತ ಮೇಲೆ ಅವರ ಕಣ್ಣಲ್ಲೇ ಕಣ್ಣಿಟ್ಟು ನೋಡಿ, "ನಿನ್ನ ತಲಿ ನೆಟ್ಟಗ ಐತಪ್ಪಾ. ನನ್ನ ತಲೀನ ಕೆಟ್ಟಿತ್ತು" ಎಂದರು. ಅವತ್ತಿನಿಂದ ಅವರು ಅಪ್ಪನ ಹತ್ತಿರ ಕೂಡುವುದನ್ನು ತಪ್ಪಿಸಲಿಲ್ಲ. ಬಿಚ್ಚಿದ ಎಂಜಿನ್ನಿನ ಸಣ್ಣ ಭಾಗಗಳನ್ನು ಮನೆಗೇ ತಂದು ಅವರ ಮುಂದೆ ಹರವತೊಡಗಿದರು.

ಹೊಸ ಮಾತು ಬಂದದ್ದು ಇದಾಗಿ ಎಷ್ಟೋ ವಾರಗಳ ಮೇಲೆ, ನಾವು ಯಾರೂ ಕಾಯದೆ ಇದ್ದಾಗ. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅತ್ತೆ ಮಾವನವರ ತಾಟಿಗೆ ಮತ್ತೊಂದು ರೊಟ್ಟಿ ಹಾಕಲು ಹೋದರು.

"ಬ್ಯಾಡ" ಎಂದರು ಮಾವನವರು.

"ಬ್ಯಾಡಂದ್ರ ಹೆಂಗ, ಎರಡ ತಿಂದೀರಿ, ಇದೊಂದು..." ಎನ್ನುತ್ತ ಅತ್ತೆ ರೊಟ್ಟಿ ಹಾಕಿಯೇ ಬಿಟ್ಟರು. ಆಮೇಲೆ ಕೈ ಹಾಗೇ ನಿಂತಿತು. ಮಗಳು ನನ್ನ ಮುಖ ನೋಡಿದಳು. ನನ್ನ ಗಂಡನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಇತ್ತು.

"ಏನಂದ್ರಿ?" ಎಂದರು ಅತ್ತೆ.

ಮಾವನವರಿಗೂ ಆಗಲೇ ತಿಳಿದದ್ದು. ಹೆದರಿದವರಂತೆ ತುಟಿಯನ್ನು ಒತ್ತಿ, ನಿಧಾನವಾಗಿ ಇನ್ನೊಮ್ಮೆ ಹೇಳಿದರು. "ಬ್ಯಾ...ಡ."

ಅತ್ತೆ ಕೂತಲ್ಲೇ ಹಣೆಗೆ ಕೈ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತರು. ಮದುವೆಯಾದಾಗಿನಿಂದ ಗಂಡನ ಬಾಯಿಂದ ಎಷ್ಟು ಸಲ "ಬ್ಯಾಡ" ಕೇಳಿಸಿಕೊಂಡು ಸಿಟ್ಟಾಗಿದ್ದರೋ, ಅವತ್ತು ಅದೇ ಮಾತಿಗೆ ಓಣಿಗೆಲ್ಲ ಸಕ್ಕರೆ ಹಂಚಿಬಂದರು. ನನ್ನ ಗಂಡ ಆ ರೊಟ್ಟಿಯನ್ನು ಅಪ್ಪನ ತಾಟಿನಿಂದ ತೆಗೆದು ತಾವೇ ತಿಂದರು.

ಅಲ್ಲಿಂದ ಒಂದೊಂದೇ ಮಾತು ಮರಳಿ ಬಂದವು. ಯಾವ ಕ್ರಮವೂ ಇರಲಿಲ್ಲ. "ನೀರು" ಬರುವ ಮೊದಲು "ಹರಾಮಿ" ಬಂತು, ನನ್ನ ಹೆಸರಿಗಿಂತ ಮೊದಲು ಪಕ್ಕದ ಮನೆಯ ನಾಯಿಯ ಹೆಸರು ಬಂತು. ಮಾತು ಕಲಿಸುವ ಹುಡುಗಿ ನಗುತ್ತ, ಬಂದದ್ದನ್ನ ಬರ್ಲಿ ಬಿಡ್ರಿ, ಬ್ಯಾಡ ಅನಬ್ಯಾಡ್ರಿ ಎಂದಳು. ಸಿಟ್ಟು ಬಂದಾಗ, ಅವಸರವಾದಾಗ ಎಲ್ಲ ಮಾತು ಚದುರಿಹೋಗಿ ಆ ಒಂದೇ ಶಬ್ದ ಮುಂದೆ ನುಗ್ಗುತ್ತಿತ್ತು. ಆಗ ನಾವು ಸುಮ್ಮನೆ ಕಾಯುತ್ತಿದ್ದೆವು. ಕಾಯುವುದನ್ನು ಮೊದಲು ಕಲಿತದ್ದು ನನ್ನ ಮಗಳು, ಅವಳನ್ನು ನೋಡಿ ನಾವು ಕಲಿತೆವು.

ಈಗ ಅವರು ಸಣ್ಣ ಸಣ್ಣ ವಾಕ್ಯ ಮಾತಾಡುತ್ತಾರೆ. ನಡುನಡುವೆ ಶಬ್ದ ಸಿಗದೆ ನಿಲ್ಲುತ್ತಾರೆ, ಕೈಯಿಂದ ಗಾಳಿಯಲ್ಲಿ ಅದರ ಆಕಾರ ಬರೆಯುತ್ತಾರೆ. ಮುಂಜಾನೆ ಅಂಗಡಿಗೆ ಹೋಗಿ ಕುರ್ಚಿಯ ಮೇಲೆ ಕೂತು ಮಗನ ಕೆಲಸ ನೋಡುತ್ತಾರೆ, ಮಧ್ಯಾಹ್ನ ಬಂದು ಮಲಗುತ್ತಾರೆ. ಬಲಗೈ ಇನ್ನೂ ಪೂರ್ತಿ ಬಂದಿಲ್ಲ. ಡಾಕ್ಟರು ಇದೇ ದೊಡ್ಡದು ಎನ್ನುತ್ತಾರೆ, ನಮಗೂ ಹಾಗೇ ಅನ್ನಿಸುತ್ತದೆ.

ಹೋದ ತಿಂಗಳು ಶಿಗ್ಲಿಯಲ್ಲಿ ಬಂಧುಗಳ ಮನೆಯಲ್ಲಿ ಮದುವೆಯಿತ್ತು. ಲಕ್ವಾ ಆದ ಮೇಲೆ ಅವರು ಹೊರಗಿನ ಕಾರ್ಯಕ್ಕೆ ಬಂದದ್ದು ಅದೇ ಮೊದಲು. ಯಾರಾದರೂ ನಕ್ಕರೆ ಎಂದು ನನಗೆ ದಾರಿಯುದ್ದಕ್ಕೂ ಅಳುಕು. ಊಟದ ಮೊದಲು ನೋಡಿದರೆ ಅವರು ಹಂದರದ ಕೆಳಗೆ ನಾಲ್ಕಾರು ಹಿರಿಯರ ನಡುವೆ ಕೂತು ಮಾತಾಡುತ್ತಿದ್ದರು. ನಾಲ್ಕು ಶಬ್ದ ಹೇಳಿ ನಿಲ್ಲುತ್ತಿದ್ದರು. ಉಳಿದವರು ಎಲೆ ಅಡಿಕೆ ಹಾಕಿಕೊಳ್ಳುತ್ತ, ಯಾವ ಅವಸರವೂ ಇಲ್ಲದೆ ಐದನೆಯದಕ್ಕೆ ಕಾಯುತ್ತಿದ್ದರು. ನನ್ನನ್ನು ಕಂಡವರೇ ಮಾವನವರು ಕೈ ಎತ್ತಿ, ಅಷ್ಟು ಮಂದಿಯ ಎದುರಿಗೆ ನೇರವಾಗಿ ನನಗೇ ಹೇಳಿದರು: "ನೀ... ಊಟ ಮಾಡ ಹೋಗವಾ. ನಾ... ಇಲ್ಲೇ ಇರ್ತೀನಿ."

"ಆತ್ರಿ ಮಾವಾರ" ಎಂದು ನಾನು ಊಟದ ಪಂಕ್ತಿಯ ಕಡೆ ನಡೆದೆ. ಬಹಳ ಹಸಿವಾಗಿತ್ತು.